ಊರಿಗೆ ಊರೇ ತಿರುಗಿಬಿದ್ದಿದೆ ಎಂದವರು

(ಈ ಬರಹಕ್ಕೆ ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಕೆಲವು ಸಂಖ್ಯೆಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಅವರು ಮೊದಲ ಭೇಟಿಯ 50 ನಿಮಿಷಗಳಲ್ಲಿ ಮೊಬೈಲ್ ನೋಡಿದ್ದು 23 ಸಲ. ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ನಾನು ಗೀಟು ಹಾಕುತ್ತಾ ಹೋಗಿದ್ದೆ. ಸ್ವಲ್ಪ ಹೊತ್ತು ಒಳಗಿಡುವಿರಾ ಎಂದು ಕೇಳಿದರೆ ಜೇಬಿಗೆ ಹಾಕಿಕೊಂಡರು, ಕೈ ಮಾತ್ರ ಜೇಬಿನ ಮೇಲೆಯೇ ಇತ್ತು. ಬಂದ ಕಾರಣವನ್ನು ಒಂದೇ ಉಸಿರಿನಲ್ಲಿ ಹೇಳಿದರು: "ಹನ್ನೆರಡು ದಿನದಿಂದ ನಿದ್ದೆ ಇಲ್ಲ ಮೇಡಂ. ಊರಿಗೆ ಊರೇ ನನ್ನ ಮೇಲೆ ತಿರುಗಿಬಿದ್ದಿದೆ."

ವಯಸ್ಸು 42. ಕೈಯಿಂದ ಹೊಲಿದ ನೋಟ್ ಪುಸ್ತಕ, ದಿನಚರಿಗಳನ್ನು ತಯಾರಿಸಿ ಮಾರುವ ಸಣ್ಣ ಉದ್ಯಮ. ಇಬ್ಬರು ಸಹಾಯಕರು. ಅಂಗಡಿ ಎಂಬುದಿಲ್ಲ, ಗಿರಾಕಿಗಳು ಬರುವುದು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟಗಳಿಂದ, ಆರ್ಡರ್ ಪಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಒಂದು ರಾತ್ರಿ ಸರ್ಕಾರದ ಒಂದು ತೀರ್ಮಾನದ ಬಗ್ಗೆ ನಾಲ್ಕು ಸಾಲು ಬರೆದು ಉದ್ಯಮದ ಪುಟದಲ್ಲಿ ಹಾಕಿದರು. ಯಾವ ತೀರ್ಮಾನ, ಯಾವ ಪಕ್ಷ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುಗರು ಈ ಮನುಷ್ಯನನ್ನು ಬಿಟ್ಟು ಆ ತೀರ್ಮಾನದ ಬೆನ್ನು ಹತ್ತುತ್ತಾರೆ. ನಾನೂ ಓದುಗಳೇ, ಗೊತ್ತು.

ಬೆಳಗಾಗುವಷ್ಟರಲ್ಲಿ 300 ಪ್ರತಿಕ್ರಿಯೆಗಳು ಬಂದಿದ್ದವು. ಮೂರನೆಯ ದಿನಕ್ಕೆ 1,400. ಯಾರೋ ಸ್ಕ್ರೀನ್‌ಶಾಟ್ ತೆಗೆದು, "ನನ್ನ ತಿಳಿವಳಿಕೆ ತಪ್ಪಿದ್ದರೆ ತಿದ್ದಿ" ಎಂದಿದ್ದ ನಾಲ್ಕನೆಯ ಸಾಲನ್ನು ಕತ್ತರಿಸಿ ಹಂಚಿದ್ದರು. ಎಂದೂ ಒಂದು ಪುಸ್ತಕ ಕೊಳ್ಳದವರು ಬಂದು ಒಂದು ನಕ್ಷತ್ರದ ವಿಮರ್ಶೆ ಬರೆದರು. ಬಹಿಷ್ಕಾರದ ಕರೆ ಹೊರಟಿತು. ಒಬ್ಬನಂತೂ ಮನೆಯ ವಿಳಾಸ ಗೊತ್ತಿದೆ ಎಂದು ಬೆದರಿಸಿದ.

ಐದನೆಯ ದಿನ ಬೈದವರ ಎದುರು ಬಣ ಇವರನ್ನು ಹೊಗಳುತ್ತಾ ಬಂದಿಳಿಯಿತು. ಇವರ ಫೋಟೋದ ಕೆಳಗೆ ಘೋಷಣೆ ಸೇರಿಸಿದ ಪೋಸ್ಟರ್ ಹರಿದಾಡಿತು. ಒಂದು ಮಾತು ಕೇಳಿದವರಿಲ್ಲ. ಪುಟದ ಹಿಂಬಾಲಕರು 6,000 ಹೆಚ್ಚಿದರು. ಮುಂದಿನ ವಾರದಲ್ಲಿ ಇವರು ಇನ್ನೂ ಆರು ಪೋಸ್ಟ್ ಬರೆದರು, ಒಂದಕ್ಕಿಂತ ಒಂದು ಖಾರ. ಬೈದವರ ವಿಷಯ ಹೇಳುವಾಗ ಅವರ ಧ್ವನಿ ಕುಗ್ಗುತ್ತಿತ್ತು. ಹೊಗಳಿದವರ ವಿಷಯ ಬಂದಾಗ ಕಣ್ಣು ಹೊಳೆದದ್ದನ್ನು ನಾನು ಬರೆದಿಟ್ಟುಕೊಂಡೆ. ನನಗೆ ಚಿಂತೆ ಹುಟ್ಟಿಸಿದ್ದು ಆ ಹೊಳಪು.

ಸಾಯಬೇಕು ಎಂದು ಯಾವತ್ತಾದರೂ ಅನ್ನಿಸಿತೇ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಕರಣಗಳಲ್ಲಿ ಈ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಎಂದರು, ಎಲ್ಲಾದರೂ ಓಡಿಹೋಗಬೇಕು ಅನ್ನಿಸಿದ್ದು ನಿಜ ಎಂದರು. ನಿದ್ರೆಯ ವಿಚಾರಕ್ಕೆ ವೈದ್ಯರನ್ನು ಕಾಣಲು ಹೇಳಿದೆ, ಪತ್ನಿಗೆ ವಿಷಯ ತಿಳಿಸಲು ಒಪ್ಪಿಸಿದೆ. ಬೆದರಿಕೆಯ ಸಂದೇಶವನ್ನು ಅಳಿಸದೆ, ದಿನಾಂಕ ಮತ್ತು ಕೊಂಡಿ ಕಾಣುವಂತೆ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ ಎಂದೆ. ಅಷ್ಟನ್ನು ಅಂದೇ ಮಾಡಿದರು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಏಳು ದಿನ ಎಲ್ಲ ಆ್ಯಪ್‌ಗಳಿಂದ ದೂರವಿರಿ ಎಂದುಬಿಟ್ಟೆ. ಮೂರನೆಯ ದಿನವೇ ಫೋನ್ ಮಾಡಿದರು: "ಮೇಡಂ, ಆರ್ಡರ್ ಬರುವುದೂ ಅದರಲ್ಲೇ, ಬೈಗುಳ ಬರುವುದೂ ಅದರಲ್ಲೇ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು ಹೇಗೆ?" ಸಂಬಳದ ಕೆಲಸದವರಿಗೆ ಕೊಟ್ಟು ಅಭ್ಯಾಸವಾದ ಸಲಹೆಯನ್ನು ನಾನು ಉದ್ಯಮಿಗೆ ಕೊಟ್ಟಿದ್ದೆ. ಇವರ ಅಂಗಡಿ ಇರುವುದೇ ಬೇರೆಯವರ ಜಗಲಿಯ ಮೇಲೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವಲ್ಲ, ಅಂದು ತಾನು ಏನು ಮಾಡಿದೆ ಎಂಬುದು ಇವರಿಗೆ ಚೆನ್ನಾಗಿ ನೆನಪಿತ್ತು: ಒಬ್ಬ ಗಿರಾಕಿಗೆ ಫೋನ್ ಮಾಡೋಣವೆಂದರೆ ಒಂದೂ ನಂಬರ್ ಬೇರೆಡೆ ಬರೆದಿಟ್ಟಿರಲಿಲ್ಲ. ಅಂದು ಕಲಿತ ಪಾಠವಾಗಿ ಆರ್ಡರ್ ಪುಸ್ತಕವೊಂದನ್ನು ಶುರುಮಾಡಿದ್ದರು. ತಾವೇ ಹೊಲಿದದ್ದು, ದಪ್ಪ ರಟ್ಟಿನದು.

ಆ ಪುಸ್ತಕ ನಮ್ಮ ಕೆಲಸಕ್ಕೆ ಬಂತು. ಎರಡನೆಯ ಭೇಟಿಯಲ್ಲಿ ಅವರಿಗೆ ಒಂದು ಕೆಲಸ ಕೊಟ್ಟೆ. ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಕ್ರಿಯೆಗಳನ್ನು ಓದಲು ಹೋಗದೆ, ಹೆಸರುಗಳನ್ನು ಮಾತ್ರ ಎಣಿಸಬೇಕು. ಎರಡು ಸಂಜೆ ಹಿಡಿಯಿತಂತೆ. 1,400 ಪ್ರತಿಕ್ರಿಯೆಗಳು ಬಂದದ್ದು 610 ಖಾತೆಗಳಿಂದ. ಅದರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟನ್ನು ಬರೆದವರು 40 ಮಂದಿ. ಆ 610 ಹೆಸರುಗಳಲ್ಲಿ ಆರ್ಡರ್ ಪುಸ್ತಕದಲ್ಲಿದ್ದವು 19. ಎಂಟು ಜನ ಬೇಸರ ತೋರಿಸಿದ್ದರು, ಆರು ಜನ ಬೆಂಬಲಿಸಿದ್ದರು. ಉಳಿದ ಐವರು ಆ ಗಲಾಟೆಯ ನಡುವೆಯೇ ನಮ್ಮ ಪುಸ್ತಕ ಯಾವಾಗ ಬರುತ್ತದೆ ಎಂದು ಕೇಳಿದ್ದರು. ಇದನ್ನು ಹೇಳುವಾಗ ಅವರು ಮೊದಲ ಬಾರಿ ನಕ್ಕರು.

ನಷ್ಟವೇ ಆಗಿರಲಿಲ್ಲ ಎಂದಲ್ಲ. ಎರಡು ದೊಡ್ಡ ಆರ್ಡರ್‌ಗಳು ರದ್ದಾಗಿದ್ದವು. ಸಂಸ್ಥೆಗಳಿಗೆ ವಿವಾದ ಬೇಡ. ಆದರೆ "ವ್ಯಾಪಾರ ಮುಗಿದೇಹೋಯಿತು" ಎಂಬ ಮಾತಿಗೆ ಪುಸ್ತಕದಲ್ಲಿ ಆಧಾರ ಸಿಗಲಿಲ್ಲ.

ಸದ್ದು ಮಾಡುವವರು ಇಷ್ಟೇ ಇದ್ದರೂ ಜಗತ್ತೇ ಎದುರು ನಿಂತಂತೆ ಕಾಣುವುದೇಕೆ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ತಂತ್ರಜ್ಞಳಲ್ಲ, ಬಹಿರಂಗವಾಗಿರುವುದನ್ನಷ್ಟೇ ಹೇಳಿದೆ. ಯಾವುದನ್ನು ಮೇಲೆ ತೋರಿಸಬೇಕು ಎಂದು ಲೆಕ್ಕ ಹಾಕುವಾಗ ಫೇಸ್‌ಬುಕ್ 2017ರಿಂದ ಕೆಲಕಾಲ ಎಮೋಜಿಗಳಿಗೆ, ಕೋಪದ ಮುಖವೂ ಸೇರಿದಂತೆ, ಸಾಮಾನ್ಯ ಲೈಕ್‌ನ ಐದು ಪಟ್ಟು ತೂಕ ಕೊಡುತ್ತಿತ್ತು. 2021ರಲ್ಲಿ ಹೊರಬಿದ್ದ ಅದರ ಒಳದಾಖಲೆಗಳಿಂದ ಇದು ತಿಳಿದುಬಂತು. ಆ ಹೊತ್ತಿಗೆ ಕೋಪದ ಮುಖದ ತೂಕವನ್ನು ಕಂಪನಿಯೇ ತೆಗೆದುಹಾಕಿತ್ತು. ಸಿಟ್ಟಾದವನು ನಿಲ್ಲುತ್ತಾನೆ, ಬರೆಯುತ್ತಾನೆ, ಹಂಚುತ್ತಾನೆ. ಒಪ್ಪಿಕೊಂಡವನು ತಲೆಯಾಡಿಸಿ ಮುಂದೆ ಹೋಗುತ್ತಾನೆ, ಅವನ ತಲೆಯಾಡಿಸುವಿಕೆಯನ್ನು ಯಂತ್ರ ಎಣಿಸುವುದಿಲ್ಲ. ರಾಜಕಾರಣಿಗಳಿಗೂ ಜಾಹೀರಾತಿನವರಿಗೂ ಈ ಗುಟ್ಟು ನಮಗಿಂತ ಮೊದಲೇ ತಿಳಿದಿರುತ್ತದೆ.

ಅದಕ್ಕಿಂತ ಕಹಿಯಾದ ಮಾತು ಇನ್ನೊಂದಿತ್ತು. ಅವರು ಬರೆದ ಏಳೂ ಪೋಸ್ಟ್‌ಗಳನ್ನು ಮೆಚ್ಚುಗೆಯ ಕ್ರಮದಲ್ಲಿ ಜೋಡಿಸಲು ಹೇಳಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಎದುರಾಳಿಗಳನ್ನು ಒಂದು ಪ್ರಾಣಿಗೆ ಹೋಲಿಸಿ ಬರೆದದ್ದು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಈ ಮಾತನ್ನು ನಾನು ಬಾಯಲ್ಲಿ ಆಡುವವನಲ್ಲ" ಎಂದರು. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಆಗ ಹೇಳಿದೆ. ಟ್ವಿಟರ್‌ನ 7,331 ಬಳಕೆದಾರರ 1.27 ಕೋಟಿ ಟ್ವೀಟ್‌ಗಳನ್ನು ನೋಡಿದಾಗ, ಆಕ್ರೋಶದ ಮಾತಿಗೆ ಹೆಚ್ಚು ಲೈಕ್ ಸಿಕ್ಕವರು ಮುಂದೆ ಇನ್ನಷ್ಟು ಆಕ್ರೋಶದಿಂದ ಬರೆಯುವುದು ಕಂಡುಬಂದಿತ್ತು. ಬೈದವರು ಇವರ ನಿದ್ದೆ ಕೆಡಿಸಿದ್ದರು. ಇವರ ಭಾಷೆ ಕೆಟ್ಟದ್ದು ಹೊಗಳಿದವರಿಂದ.

ಮೂರನೆಯ ಭೇಟಿಯ ಕೊನೆಗೆ ಒಂದು ವಿಷಯ ಒಪ್ಪಿಕೊಂಡರು. ಸ್ವಂತ ಖಾತೆ ಇದ್ದರೂ ಆ ರಾತ್ರಿ ಉದ್ಯಮದ ಪುಟವನ್ನೇ ಆರಿಸಿದ್ದು ಅಲ್ಲಿ ಜನ ಹೆಚ್ಚು ಎಂಬ ಕಾರಣಕ್ಕೆ. ಮಾತು ಬಂದದ್ದು ನಾಗರಿಕನಿಂದ, ಗಂಟಲು ವ್ಯಾಪಾರಿಯದು. ಗಿರಾಕಿಯೊಡನೆ ಒಂದು ರೀತಿ, ಗೆಳೆಯನೊಡನೆ ಒಂದು ರೀತಿ, ಹಿರಿಯರ ಮುಂದೆ ಇನ್ನೊಂದು ರೀತಿ ಮಾತಾಡುವುದು ನಮಗೆ ಸಹಜ, ಅದರಲ್ಲಿ ಕಪಟವೇನಿಲ್ಲ. ಅವರೆಲ್ಲ ಒಂದೇ ಕೋಣೆಯಲ್ಲಿ, ಅದೂ ಕಾಣಿಸಿಕೊಳ್ಳದೆ ಕುಳಿತುಬಿಟ್ಟರೆ ಯಾವ ಧ್ವನಿಯಲ್ಲಿ ಮಾತಾಡುವುದು? ಸಂಶೋಧಕರು ಇದನ್ನು ಸಂದರ್ಭಗಳ ಕುಸಿತ ಎನ್ನುತ್ತಾರೆ. ಇವರು ಹೇಳಿದ್ದು ಇನ್ನೂ ಚೆನ್ನಾಗಿತ್ತು: "ಹೊಲಿಗೆ ಬಿಚ್ಚಿದ ಪುಸ್ತಕದ ಹಾಗೆ, ಎಲ್ಲ ಹಾಳೆಯೂ ಒಂದರ ಮೇಲೊಂದು ಬಿದ್ದುಹೋಯಿತು."

ನಾಲ್ಕನೆಯ ಭೇಟಿಯಲ್ಲಿ ನಿಜವಾದ ಗಾಯ ಕಂಡಿತು. 1,400 ಪ್ರತಿಕ್ರಿಯೆಗಳಲ್ಲಿ ಅವರಿಗೆ ಬಾಯಿಪಾಠವಾಗಿದ್ದದ್ದು ಒಂದೇ: "ಕೈಕೆಲಸದವನು ಕೈಕೆಲಸ ಮಾಡಿಕೊಂಡಿರಲಿ." ಬರೆದವನು ಯಾರೋ ಅಪರಿಚಿತ. ಆದರೆ ಅದರ ಕೆಳಗೆ ಇದ್ದ ಲೈಕ್‌ಗಳಲ್ಲಿ ಒಂದು, ಇವರಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಪುಸ್ತಕ ಹೊಲಿಯುವುದನ್ನು ಕಲಿಸಿದ ಹಿರಿಯರದು. ಇವರು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಅಂದಿನಿಂದ ಮೇಷ್ಟ್ರ ಮನೆಯ ದಾರಿಯನ್ನೇ ತಪ್ಪಿಸಿ ಓಡಾಡುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಅವರು ತೆರೆದು ನೋಡುತ್ತಿದ್ದದ್ದು ಹೊಸ ಬೈಗುಳವನ್ನಲ್ಲ, ಆ ಲೈಕ್ ಇನ್ನೂ ಇದೆಯೇ ಎಂಬುದನ್ನು. ನಾಲ್ಕು ವಾರ ನಾವಿಬ್ಬರೂ ಗುಂಪಿನ ಬಗ್ಗೆ ಮಾತಾಡುತ್ತಿದ್ದೆವು. ಒಬ್ಬ ಮನುಷ್ಯನ ಬಗ್ಗೆ ಮಾತಾಡಬೇಕಿತ್ತು.

ಕೊಟ್ಟ ಸಲಹೆಯ ವಿಷಯಕ್ಕೆ ಬರುತ್ತೇನೆ. ರಾಜಕೀಯ ಬಿಡಿ ಎಂದು ನಾನು ಹೇಳಲಿಲ್ಲ. ವ್ಯಾಪಾರ ಮಾಡುವವನಿಗೆ ಈ ಉಸಾಬರಿ ಯಾಕೆ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 2017ರ ಅಕ್ಟೋಬರ್‌ನಲ್ಲಿ ಮೀ ಟೂ ಎಂಬ ಎರಡು ಪದಗಳ ಅಡಿಯಲ್ಲಿ ಲಕ್ಷಾಂತರ ಹೆಂಗಸರು ತಮಗಾದ ಲೈಂಗಿಕ ಕಿರುಕುಳದ ಬಗ್ಗೆ ಬಾಯಿ ಬಿಟ್ಟದ್ದು ಇದೇ ಜಾಲತಾಣಗಳಲ್ಲಿ. ಬೇರೆ ವೇದಿಕೆ ಸಿಗದವರಿಗೆ ಇದೊಂದು ವೇದಿಕೆ. ಹಾಗಾಗಿ ಅಭಿಪ್ರಾಯ ಸ್ವಂತ ಖಾತೆಯಲ್ಲಿ, ಸ್ವಂತ ಹೆಸರಿನಲ್ಲಿ ಇರಲಿ, ಉದ್ಯಮದ ಪುಟ ಇಬ್ಬರು ಸಹಾಯಕರ ಅನ್ನಕ್ಕೂ ಸೇರಿದ್ದು ಎಂದೆ. ಮೊದಲ ನಾಲ್ಕು ಸಾಲುಗಳಿಗೆ ಕ್ಷಮೆ ಕೇಳಬೇಕಿಲ್ಲ, ಅದು ನಿಮ್ಮ ನಂಬಿಕೆ. ಆ ಪ್ರಾಣಿಯ ಹೋಲಿಕೆಗೆ ಮಾತ್ರ ಕೇಳಿ, ಎರಡೇ ವಾಕ್ಯದಲ್ಲಿ, "ಆದರೆ" ಎಂಬ ಪದ ಬಾರದಂತೆ. ಪೋಸ್ಟರ್ ಮಾಡಿದವರಿಗೆ ಫೋಟೋ ತೆಗೆಯಿರಿ ಎಂದು ಬರೆಯಿರಿ. ಬೆಂಬಲಿಗರು ಎಂಬ ಮುಲಾಜು ಬೇಡ.

ಪುಟದ ಪ್ರತಿಕ್ರಿಯೆಗಳನ್ನು ಬೆಳಿಗ್ಗೆ ಒಂದು ಗಂಟೆ ಸಹಾಯಕಿಯೇ ನೋಡುವುದು, ಆರ್ಡರ್‌ಗಳನ್ನು ಮಾತ್ರ ಇವರಿಗೆ ದಾಟಿಸುವುದು ಎಂದಾಯಿತು. ಸಹಾಯಕಿಗೂ ಬೈಗುಳ ಓದುವ ಹಿಂಸೆ ಬೇಡವೆಂದು ಕೆಲವು ಪದಗಳಿರುವ ಪ್ರತಿಕ್ರಿಯೆಗಳು ತಾವಾಗಿ ಮರೆಯಾಗುವಂತೆ ಹೊಂದಿಸಿಕೊಂಡರು. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ. ಸಿಟ್ಟಿನಲ್ಲಿ ಬರೆದದ್ದನ್ನು ಮೊದಲು ಕಾಗದದ ಮೇಲೆ ಬರೆದು, ಮರುದಿನ ಮಧ್ಯಾಹ್ನ ಓದಿ, ಇದನ್ನು ಯಾರಿಗೆ ಹೇಳುತ್ತಿದ್ದೇನೆ ಎಂದು ಅಂಚಿನಲ್ಲಿ ಒಂದು ಹೆಸರು ಬರೆಯಬೇಕು. ಹೆಸರು ಹೊಳೆಯದಿದ್ದರೆ ಹಾಕಬಾರದು. ಕಾಗದ ಅವರ ಕಸುಬಾದ್ದರಿಂದ ಈ ಸಲಹೆ ಬೇಗ ಒಗ್ಗಿತು.

ಮೇಷ್ಟ್ರ ವಿಷಯದಲ್ಲಿ, ಸಂದೇಶ ಕಳಿಸಬೇಡಿ, ಹೋಗಿ ಬನ್ನಿ ಎಂದೆ. ಹೋಗಲು ಎರಡು ವಾರ ತೆಗೆದುಕೊಂಡರು. ಕೈ ತಪ್ಪಿ ಒತ್ತಿದ್ದೆ ಎಂದು ಅವರು ಹೇಳಬಹುದೆಂಬ ಆಸೆ ಇವರಿಗಿತ್ತು, ಸುಳ್ಳು ಹೇಳುವುದೇಕೆ, ನನಗೂ ಇತ್ತು. ಅವರು ಹಾಗೆ ಹೇಳಲಿಲ್ಲ. "ಹೌದು, ನೋಡಿಯೇ ಒತ್ತಿದೆ. ನೀನು ಬರೆದದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ನೀನು ಅದನ್ನು ನೋಡುತ್ತೀಯ ಅಂತ ಗೊತ್ತಿರಲಿಲ್ಲವಪ್ಪ" ಎಂದರಂತೆ. ಇಬ್ಬರೂ ಎರಡು ಗಂಟೆ ವಾದ ಮಾಡಿದ್ದಾರೆ. ಒಮ್ಮತ ಬಂದಿಲ್ಲ. ಏಳುವಾಗ ಮೇಷ್ಟ್ರು ಒಂದು ಹಳೆಯ ಪುಸ್ತಕ ಕೊಟ್ಟು ಬೆನ್ನು ಹೊಲಿದುಕೊಡು ಎಂದಿದ್ದಾರೆ. ಲೈಕ್ ಇನ್ನೂ ಹಾಗೆಯೇ ಇದೆ.

ನಿದ್ದೆ ಈಗ ವಾರದಲ್ಲಿ ನಾಲ್ಕೈದು ದಿನ ಸರಿಯಾಗಿ ಬರುತ್ತದೆ. ರದ್ದಾದ ಎರಡು ಆರ್ಡರ್‌ಗಳು ಮರಳಿಲ್ಲ. ಹೆಚ್ಚಿದ 6,000 ಹಿಂಬಾಲಕರಲ್ಲಿ ಪುಸ್ತಕ ಕೊಂಡವರು ಇಬ್ಬರು. ಎಂಟನೆಯ ಭೇಟಿಯಲ್ಲಿ ನಾನು ಮತ್ತೆ ಅಂಚಿನಲ್ಲಿ ಗೀಟು ಹಾಕಿದೆ: ಒಂಬತ್ತು ಸಲ ಮೊಬೈಲ್ ನೋಡಿದರು. ಮೂರು ತಿಂಗಳು ಬಿಟ್ಟು ಬರಲು ಹೇಳಿದ್ದೇನೆ.