ಓದುಗರ ಪ್ರಶ್ನೆ: ತಿಮಿಂಗಿಲಕ್ಕಿಂತ ಉದ್ದದ ಹುಳ ಇದೆಯಾ?

ಪ್ರಶ್ನೆ: ಶಾಲೆಯ ರಸಪ್ರಶ್ನೆಯಲ್ಲಿ ಅತಿ ಉದ್ದದ ಪ್ರಾಣಿ ಯಾವುದು ಎಂದು ಕೇಳಿದರಂತೆ. ನನ್ನ ಮಗ ನೀಲಿ ತಿಮಿಂಗಿಲ ಎಂದ. ತಪ್ಪು, 55 ಮೀಟರ್ ಉದ್ದದ ಸಮುದ್ರದ ಹುಳ ಎಂದರಂತೆ. ಮನೆಗೆ ಬಂದು ಅತ್ತ. ಇದು ನಿಜವಾ ಸರ್?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಮೊದಲು ಮಗನ ಕಣ್ಣೊರೆಸಿ ತಾಯಿ. ಅವನು ಹೇಳಿದ್ದನ್ನು ಅಷ್ಟು ಸಲೀಸಾಗಿ ತಪ್ಪು ಅನ್ನೋಕಾಗಲ್ಲ.

ಹುಳ ಇರೋದು ನಿಜ. ಹೆಸರು ಲೈನಿಯಸ್ ಲಾಂಜಿಸಿಮಸ್. ಬ್ರಿಟನ್, ನಾರ್ವೆ ಕಡೆಯ ದಂಡೆಗಳಲ್ಲಿ ಕಲ್ಲಿನ ಕೆಳಗೆ, ಕೆಸರಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಕಂದುಗಪ್ಪು ಬಣ್ಣ. ಅಗಲ ಹೆಚ್ಚೆಂದರೆ ಒಂದು ಸೆಂಟಿಮೀಟರ್, ಪಾಯಜಾಮದ ಲಾಡಿಯಷ್ಟು. ಸಾಮಾನ್ಯವಾಗಿ ಸಿಗುವವು 5ರಿಂದ 15 ಮೀಟರ್ ಉದ್ದ.

55 ಮೀಟರಿನ ಕಥೆ 1864ರದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಬಿರುಗಾಳಿ ಬೀಸಿದ ಮೇಲೆ ಒಂದು ಹುಳ ದಂಡೆಗೆ ಬಂದು ಬಿತ್ತು. ಮ್ಯಾಕಿಂಟಾಶ್ ಎಂಬ ವಿಜ್ಞಾನಿ ಸುರುಳಿ ಬಿಡಿಸುತ್ತಾ ಅಳೆದರು. ತುಂಡಾಗದೆ 30 ಗಜ ಬಂತು, ಇನ್ನೂ ಅರ್ಧವೂ ಬಿಚ್ಚಿಲ್ಲ ಎಂದು ಬರೆದಿಟ್ಟರು. 30 ಗಜ ಅಂದರೆ 27 ಮೀಟರ್. ನಮ್ಮ ಹದಿನಾರು ಮೊಳದ ಸೀರೆ ನಾಲ್ಕನ್ನು ಸೆರಗಿಗೆ ಸೆರಗು ಜೋಡಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಅಳೆದದ್ದು ಅಷ್ಟೇ. ಉಳಿದದ್ದು ಅಂದಾಜು.

ಅದೂ ಎಳೆದಷ್ಟು ಹಿಗ್ಗುವ ಪ್ರಾಣಿ! ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರು. ಇಳಿತದ ಹೊತ್ತಿನಲ್ಲಿ ಕಲ್ಲು ಮಗುಚಿದಾಗ ಇದೇ ಬಳಗದ ಒಂದು ಪುಟ್ಟ ಹುಳ ಸಿಕ್ಕಿತು. ಅಂಗೈಯಲ್ಲಿ ಇಟ್ಟುಕೊಂಡಾಗ ಬೆರಳುದ್ದ ಇತ್ತು. ತಟ್ಟೆಯ ನೀರಿಗೆ ಬಿಟ್ಟೆ, ಗೇಣುದ್ದ ಆಯ್ತು. ಸ್ಕೇಲ್ ಪಕ್ಕ ಹಿಡಿಯಲು ಹೋದೆ, ನಡುವೆ ಪಟ್ಟನೆ ತುಂಡಾಯ್ತು. ಬೆರಳಿಗೆ ಹತ್ತಿದ ಲೋಳೆ ಎಷ್ಟು ತೊಳೆದರೂ ಹೋಗಲಿಲ್ಲ. ಲೈನಿಯಸ್‌ನ ಲೋಳೆಯಲ್ಲಂತೂ ಏಡಿಯನ್ನು ಕೊಲ್ಲುವ ವಿಷವೇ ಇದೆ.

ನೀಲಿ ತಿಮಿಂಗಿಲ ಹೆಚ್ಚೆಂದರೆ ಸುಮಾರು 30 ಮೀಟರ್. ಅದನ್ನು ಎಳೆದು ಉದ್ದ ಮಾಡೋಕಾಗಲ್ಲ, ಅಲ್ವಾ? ಹಾಗಾಗಿ ಎರಡೂ ಉತ್ತರಕ್ಕೆ ಅಂಕ ಕೊಡಬೇಕಿತ್ತು ಅಂತ ನನಗನಿಸುತ್ತದೆ.

ಮನೆಯಲ್ಲಿ ಲಂಗದ ಇಲಾಸ್ಟಿಕ್ ತುಂಡು ಇದ್ದರೆ ಮಗನ ಕೈಗೆ ಕೊಡಿ. ಸುಮ್ನೆ ಇಟ್ಟು ಒಮ್ಮೆ, ಎಳೆದು ಹಿಡಿದು ಒಮ್ಮೆ ಅಳೆಯಲಿ. ಎರಡೂ ಅಳತೆ ಬರೆದುಕೊಂಡು ಹೋಗಿ ಮಾಸ್ತರಿಗೆ ತೋರಿಸಲಿ.