ಮಗಳ ಮೂರನೇ ಹುಟ್ಟುಹಬ್ಬ, ಸಣ್ಣ ಮನೆ, ಜುಲೈ ಮಳೆ

ನಮಸ್ಕಾರ. ಜುಲೈನಲ್ಲಿ ಮಗಳಿಗೆ ಮೂರು ತುಂಬುತ್ತದೆ, ಮುಂಬೈ ಹತ್ತಿರದ ಡೊಂಬಿವಲಿಯ ಒಂದೇ ಬೆಡ್‌ರೂಮಿನ ಮನೆಗೆ 15 ಮಕ್ಕಳನ್ನು ಕರೆಯಬಹುದೇ, ಹಾಲ್ ಹಿಡಿಯಬೇಕೇ ಎಂದು ಕೇಳಿದ್ದೀರಿ. ಹಾಲ್ ಬೇಡ, 15 ಮಕ್ಕಳೂ ಬೇಡ. ಈ ವಯಸ್ಸಿನ ಪ್ರತಿ ಮಗುವಿನ ಜೊತೆ ಒಬ್ಬ ದೊಡ್ಡವರಾದರೂ ಬರುತ್ತಾರೆ, ಅಲ್ಲಿಗೇ 30 ಜನ. ಅವಳು ದಿನಾ ಆಡುವ ಐದಾರು ಮಕ್ಕಳು ಸಾಕು. ನಿಮ್ಮ ಕಟ್ಟಡದವರನ್ನೇ ಕರೆದರೆ ಮಳೆಗೆ ಲೋಕಲ್ ರೈಲು ನಿಂತರೂ ಚಿಂತೆಯಿಲ್ಲ.

ಮಧ್ಯಾಹ್ನದ ನಿದ್ದೆ ಆದ ಮೇಲೆ, ಐದರಿಂದ ಆರೂವರೆ ಇಟ್ಟುಕೊಳ್ಳಿ. ನನ್ನ ಮಗನ ಹುಟ್ಟುಹಬ್ಬಕ್ಕೆ ನೆಂಟರನ್ನು ಕಾದು ಎಂಟಕ್ಕೆ ಕೇಕ್ ಇಟ್ಟೆವು. ಅಷ್ಟರಲ್ಲಿ ಅವನು ಅತ್ತು ಅತ್ತು ಮಲಗಿಬಿಟ್ಟಿದ್ದ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಬಲೂನಿನ ವಿಷಯದಲ್ಲಿ ಮಾತ್ರ ದಯವಿಟ್ಟು ಕಟ್ಟುನಿಟ್ಟಾಗಿರಿ. ಒಡೆದ ಚೂರು ಬಾಯಿಗೆ ಹೋದರೆ ಗಂಟಲಿಗೆ ಅಂಟಿ ಉಸಿರು ಕಟ್ಟಬಹುದು. ಊದದ ಬಲೂನನ್ನು ಮಕ್ಕಳ ಕೈಗೆ ಕೊಡಬೇಡಿ, ಒಡೆದದ್ದನ್ನು ಕೂಡಲೇ ಆರಿಸಿ ಎಸೆಯಿರಿ. ಇದೇ ಕಾರಣಕ್ಕೆ ಚಿತ್ರಾನ್ನಕ್ಕೆ ಕಡಲೆಬೀಜ ಹಾಕಬೇಡಿ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮಿಂಟೂ ಬೇಡ. ಪುಟ್ಟ ಇಡ್ಲಿ, ಮೆತ್ತಗಿನ ಕೇಸರಿಬಾತು ಮಕ್ಕಳು ತಾವೇ ತಿನ್ನುತ್ತಾರೆ.

ಪಕ್ಕದಲ್ಲಿ ಮರಾಠಿ ಅಜ್ಜಿ ಯಾರಾದರೂ ಇದ್ದರೆ ಔಕ್ಷಣ, ಅಂದರೆ ಹಣೆಗೆ ಕುಂಕುಮವಿಟ್ಟು ಆರತಿ ಬೆಳಗಿ ಹರಸುವ ಅವರ ಶಾಸ್ತ್ರ, ಮಾಡಲು ಕರೆಯಿರಿ. ನೀವೂ ಜೊತೆಗೆ ನಿಂತು ಆರತಿ ಎತ್ತಿ. ಮಗುವಿಗೆ ನನ್ನ ಆಶೀರ್ವಾದ ತಿಳಿಸಿ.