ಸ್ಟೇಟ್ ಬ್ಯಾಂಕ್ ಎಂದರೆ ಬ್ಯಾಂಕಲ್ಲ

ಪ್ರಶ್ನೆ: ಅಮ್ಮನನ್ನು ಕರೆದುಕೊಂಡು ಹಾಸನದಿಂದ ಹಗಲು ರೈಲಿನಲ್ಲಿ ಮಂಗಳೂರಿಗೆ ಎರಡು ದಿನದ ಮಟ್ಟಿಗೆ ಹೋಗುವವಳಿದ್ದೇನೆ. ಎಲ್ಲಿ ಇಳಿಯಬೇಕು? ಊರೊಳಗೆ ಬಸ್ಸಿನಲ್ಲಿ ಓಡಾಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಹಗಲು ರೈಲನ್ನು ಆರಿಸಿಕೊಂಡಿರಲ್ಲ, ಅರ್ಧ ಪ್ರವಾಸ ಅಲ್ಲಿಗೇ ಆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಕೊಡಿ. ಊಟದ ಡಬ್ಬಿಯನ್ನು ಸಕಲೇಶಪುರಕ್ಕೆ ಮೊದಲೇ ಖಾಲಿ ಮಾಡಿ. ಆಮೇಲೆ ತುತ್ತಿನ ಕಡೆ ಗಮನವಿರುವುದಿಲ್ಲ.

ಮಂಗಳೂರಿನಲ್ಲಿ ಎರಡು ನಿಲ್ದಾಣಗಳು. ಸೆಂಟ್ರಲ್ ಪೇಟೆಯೊಳಗೇ ಇದೆ. ಜಂಕ್ಷನ್ ಪಡೀಲಿನ ಬಳಿ, ಊರಿನ ಹೊರವಲಯದಲ್ಲಿದೆ. ನಿಮ್ಮ ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಳ್ಳಿ. ಜಂಕ್ಷನ್ನಿನ ಹಳೆಯ ಹೆಸರು ಕಂಕನಾಡಿ. ಊರೊಳಗೆ ಕಂಕನಾಡಿ ಎಂಬ ಬಡಾವಣೆಯೇ ಬೇರೆ. ಮದುವೆಯಾಗಿ ಘಟ್ಟ ಇಳಿದು ಬಂದ ಹೊಸತರಲ್ಲಿ ನಾನು ರೈಲು ಹಿಡಿಯಲು ಆಟೋ ಹತ್ತಿ "ಕಂಕನಾಡಿ" ಎಂದು, ಆಸ್ಪತ್ರೆಯ ಎದುರು ಇಳಿದಿದ್ದೆ. ನೀವು "ಜಂಕ್ಷನ್" ಎಂದೇ ಹೇಳಿ.

ಇನ್ನು ಬಸ್ಸು. ನಿರ್ವಾಹಕ ಬಾಗಿಲಿಗೆ ಜೋತುಬಿದ್ದು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗಿದರೆ ಅದು ಹಂಪನಕಟ್ಟೆಯಾಚೆಯ ಬಸ್ ನಿಲ್ದಾಣ. ಅಲ್ಲಿಗೆ ತಲುಪಿದರೆ ಊರಿನ ಯಾವ ಮೂಲೆಗೂ ಬಸ್ಸು ಸಿಗುತ್ತದೆ. ಆದರೆ ಇಲ್ಲಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಕಳೆದ ಸಲ ಬಂದ ನನ್ನ ಚಿಕ್ಕಮ್ಮ ಠೀವಿಯಿಂದ ಆಧಾರ್ ಕಾರ್ಡು ಹಿಡಿದರು. ಹುಡುಗ ಅದನ್ನು ನೋಡಿ, "ಫೋಟೋ ಚೆನ್ನಾಗಿದೆ ಅಮ್ಮಾ, ಚಿಲ್ಲರೆ ಕೊಡಿ" ಎಂದ. ಹತ್ತು, ಇಪ್ಪತ್ತರ ನೋಟುಗಳು ಕೈಯಲ್ಲಿರಲಿ. "ರೈಟ್, ಪೋಯಿ" (ತುಳುವಿನಲ್ಲಿ ‘ಹೋಗೋಣ’) ಎಂಬುದು ಕಿವಿಗೆ ಬೀಳುವ ಮೊದಲೇ ಅಮ್ಮನನ್ನು ಕೂರಿಸಿಬಿಡಿ. ಇಲ್ಲಿನ ಚಾಲಕರಿಗೆ ಕಾಯುವ ಅಭ್ಯಾಸ ಕಡಿಮೆ.

ಕದ್ರಿ, ಮಂಗಳಾದೇವಿ ಹೇಗೂ ನೋಡುತ್ತೀರಿ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಕತ್ತೆತ್ತಿ ಚಿತ್ರಗಳನ್ನು ನೋಡುವಾಗ ಅಮ್ಮನಿಗೆ ಕೂರಲು ಬೆಂಚುಗಳಿವೆ. ಸಂಜೆಗೆ ಮಾತ್ರ ನನ್ನ ಮಾತು ಕೇಳಿ: ಆಟೋದಲ್ಲಿ ಸುಲ್ತಾನ್ ಬತ್ತೇರಿಗೆ ಹೋಗಿ, ದೋಣಿಯಲ್ಲಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿ ಕಡಲತೀರ. ಮಳೆಗಾಲವಾದರೆ ದೋಣಿ ಇದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದಾಟುವಾಗಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಕೂಳೂರು ಸೇತುವೆಯ ಮೇಲೆ ಸುತ್ತಿಕೊಂಡು ಬರಬೇಕು, ಆ ಹೊತ್ತಿನಲ್ಲಿ ಆಟೋದವರೊಂದಿಗೆ ಚೌಕಾಸಿ ನಡೆಯುವುದಿಲ್ಲ.